ಗೆರೆ ಎಳೆಯಲು ಕೂರಿಸಿದವರಿಗೆ

ಕಳೆದ ವಾರ, ಅನುಭವಸ್ಥರ ಉಸ್ತುವಾರಿಯಲ್ಲಿ ಕೆಲಸ ಮಾಡುವ ನನ್ನ ಸೂಪರ್ವಿಷನ್ ಅವಧಿ ಮುಗಿಯಿತು, ಫೈಲಿಗೆ ಕೊನೆಯ ಸಹಿ ಬಿತ್ತು. ಇನ್ನು ಶಿವಮೊಗ್ಗದ ನಮ್ಮ ಕೇಂದ್ರದಲ್ಲಿ ಯಾರ ಆಸರೆಯೂ ಇಲ್ಲದೆ ಆಪ್ತ ಸಮಾಲೋಚನೆ ಮಾಡಬಹುದಂತೆ. ಸಾಲದ್ದಕ್ಕೆ, ಹೊಸದಾಗಿ ಸೇರಿರುವ ಇಬ್ಬರ ಜೊತೆ ಸೂಪರ್ವಿಷನ್ನಿಗೆ ನೀವೇ ಕೂತುಕೊಳ್ಳಿ ಅಂತಲೂ ಹೇಳಿದ್ದಾರೆ. ಹೋದ ಮಳೆಗಾಲದಲ್ಲಿ ನನ್ನನ್ನು ನೋಡಿದವರು ಯಾರೂ ಇದನ್ನು ನಂಬಲಿಕ್ಕಿಲ್ಲ. ಆಗ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ, 'ಆ ಕೆಲಸ ಬಿಡು ಮಾರಾಯ, ತೋಟ ನೋಡ್ಕೊಂಡಿರು' ಅನ್ನುವ ಮಾತು ಬರುತ್ತಿತ್ತು. ಬಿಡುವ ಮಟ್ಟಕ್ಕೆ ನಾನೂ ಬಂದಿದ್ದೆ. ಬಿಡದೆ ಉಳಿಸಿದವರಿಗೆ ನಾಲ್ಕು ಜನರೆದುರು ಕೈಮುಗಿಯಬೇಕು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ. ಕೆಲವರು ಬೇಡ ಅಂದರು, ಇನ್ನು ಕೆಲವರದ್ದು ಹೇಳುವುದು ನಮ್ಮ ಕಸುಬಿಗೆ ಸಲ್ಲದ್ದು.

ಮೊದಲು ನನ್ನ ಸೂಪರ್ವೈಸರ್ ಮೇಡಂಗೆ. ಹೊರಗಿನವರಿಗೆ ಗೊತ್ತಾಗಲಿ ಅಂತ ಸ್ವಲ್ಪ ಹೇಳುತ್ತೇನೆ: ಕೌನ್ಸೆಲಿಂಗ್ ಕಲಿಯುವವರು ನಿಯಮಿತವಾಗಿ ಅನುಭವಸ್ಥರೊಬ್ಬರ ಎದುರು ಕೂತು, ತಾವು ನಡೆಸಿದ ಭೇಟಿಗಳನ್ನು ಬಿಚ್ಚಿಟ್ಟು, ಎಲ್ಲಿ ಏನು ಮಾಡಬಹುದಿತ್ತು ಅಂತ ನೋಡಿಕೊಳ್ಳುತ್ತಾರೆ. ಸೂಪರ್ವಿಷನ್ ಅಂದರೆ ಇದೇ. ಬ್ರಿಟನ್ನಿನ ಬ್ರಿಜಿಡ್ ಪ್ರಾಕ್ಟರ್ 1980ರ ದಶಕದಲ್ಲೇ ಈ ಭೇಟಿಗೆ ಮೂರು ಹೊಣೆ ಹೇಳಿದ್ದರು. ನೀತಿನಿಯಮ ತಪ್ಪದಂತೆ ಕಾಯುವುದು, ಕಸುಬು ಕಲಿಸುವುದು, ಕಸುಬು ಮಾಡಿ ದಣಿದವರಿಗೆ ಮತ್ತೆ ಚೇತನ ತುಂಬುವುದು. ಮೊದಲೆರಡಕ್ಕೆ ಎಲ್ಲ ಕಡೆ ಫಾರಂಗಳಿವೆ. ಮೂರನೆಯದಕ್ಕೆ ಸಾಮಾನ್ಯವಾಗಿ ಸಿಗುವುದು ಎದ್ದು ಹೊರಡುವಾಗ ಹೇಳುವ 'ನಿಮ್ಮ ಆರೋಗ್ಯಾನೂ ನೋಡ್ಕೊಳ್ಳಿ' ಅನ್ನುವ ಮಾತು ಮಾತ್ರ. ಮೇಡಂ ಅದನ್ನು ನಾವು ಮನೆಗೆ ಹೊತ್ತುಕೊಂಡು ಹೋಗುವ ಕೆಲಸವಾಗಿ ಬಿಡಲಿಲ್ಲ. ಸೂಪರ್ವಿಷನ್ನಿನ ಆ ಗಂಟೆಯೊಳಗೇ ಅದಕ್ಕೆ ಹೊತ್ತು ಕೊಟ್ಟರು, ಕೈಗೆ ಬಣ್ಣ ಕೊಟ್ಟರು.

ಆ ಮಳೆಗಾಲ ಹೇಗಿತ್ತೆಂದರೆ, ಬಂದವರ ಮಾತು ಕಿವಿಗೆ ಬೀಳುತ್ತಿತ್ತು, ಎದುರಿಗಿದ್ದ ಮನುಷ್ಯ ಮಾತ್ರ ಕಾಣುತ್ತಿರಲಿಲ್ಲ. ಅಡಿಕೆಗೆ ಎಲೆಚುಕ್ಕಿ ಹತ್ತಿದ ತೋಟಗಳಿಂದ ಬಂದವರು, ಔಷಧಿ ಹೊಡೆಯಲು ಮಳೆ ಬಿಡುವು ಕೊಡದೆ ಸಾಲದ ಲೆಕ್ಕ ಹಾಕುತ್ತಾ ನಿದ್ದೆ ಕಳೆದುಕೊಂಡವರು, ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಬಾಯಿ ಬಿಡದ ಮಕ್ಕಳು, ಮಕ್ಕಳೆಲ್ಲ ಬೆಂಗಳೂರು ಸೇರಿ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಮುದುಕರು. ಇದಕ್ಕಿಂತ ಹೆಚ್ಚು ಹೇಳುವ ಹಾಗಿಲ್ಲ. ಒಬ್ಬರು ಎದ್ದರೆ ಇನ್ನೊಬ್ಬರು ಬಂದು ಕೂರುತ್ತಿದ್ದರು. ತೀರ್ಥಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವಾಗ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಬೆಳ್ಳಕ್ಕಿಗಳನ್ನು ನೋಡಲು ಎಲ್ಲರೂ ಕಿಟಕಿಗೆ ಬಗ್ಗಿದರೆ, ನಾನು ಮೊಬೈಲಿನಲ್ಲಿ ಯಾರದೋ ರೆಫರಲ್ ಪತ್ರ ಟೈಪು ಮಾಡುತ್ತಿದ್ದೆ. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಕಸುಬಿನ ಬಳಲಿಕೆಯನ್ನು ಮೂರು ಕಡೆಯಿಂದ ಅಳೆಯುತ್ತದೆ: ಭಾವನೆ ಬತ್ತುವುದು, ಬಂದವರನ್ನು ಮನುಷ್ಯರಾಗಿ ಕಾಣಲಾಗದಿರುವುದು, ತನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡಿ ಅಂಕ ತೆಗೆದವನು ನಾನು. ನನಗೇ ಬಂದಾಗ ಗುರುತು ಹಿಡಿದದ್ದು ಮೇಡಂ.

ಅವರು ಮೊದಲು ಮುಂದಿಟ್ಟದ್ದು ಒಂದು ಖಾಲಿ ಹಾಳೆ ಮತ್ತು ಮಕ್ಕಳ ಕ್ರೇಯಾನ್ ಡಬ್ಬಿ. ಅಮೆರಿಕದ ಜೇನ್ ಮೈಯರ್ಸ್ ಮತ್ತು ಥಾಮಸ್ ಸ್ವೀನಿ ಮನುಷ್ಯನ ಕ್ಷೇಮವನ್ನು ಬಿಡಿಸಲಾಗದ ಒಂದೇ 'ನಾನು' ಅಂತ ಇಟ್ಟುಕೊಂಡು, ಅದಕ್ಕೆ ಐದು ಮುಖ ಹೇಳಿದ್ದಾರೆ: ಸೃಜನಶೀಲ, ನಿಭಾಯಿಸುವ, ಸಾಮಾಜಿಕ, ಅಂತರಂಗದ, ದೈಹಿಕ. ಹಾಳೆಯಲ್ಲಿ ಐದು ಮನೆ ಬರೆದು, ಈ ವಾರ ಯಾವುದು ಎಷ್ಟು ತುಂಬಿದೆಯೋ ಅಷ್ಟು ಬಣ್ಣ ಹಚ್ಚಿ ಅಂದರು. ದೈಹಿಕದ ಮನೆ ಖಾಲಿ ಬರುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು. ಊಟಕ್ಕೆ ಹೊತ್ತಿಲ್ಲ, ನಡಿಗೆ ಬಸ್‌ಸ್ಟ್ಯಾಂಡಿನವರೆಗೆ. ಆಶ್ಚರ್ಯ ಕಾದಿದ್ದು ಸೃಜನಶೀಲದ ಮನೆಯಲ್ಲಿ. ಅಲ್ಲಿ ಬರುವುದು ಚಿತ್ರ, ಹಾಡು ಅಲ್ಲ. ಯೋಚನೆ, ಭಾವನೆ, ಹಿಡಿತ, ಕೆಲಸ, ಹಾಸ್ಯ. ಕೆಲಸದ ಭಾಗಕ್ಕೆ ಹಾಳೆ ಹರಿಯುವಷ್ಟು ಬಣ್ಣ ಒತ್ತಿದ್ದೆ. ಹಾಸ್ಯದ ಭಾಗವನ್ನು ಮುಟ್ಟೇ ಇರಲಿಲ್ಲ. ನಮ್ಮದು ತಾಳಮದ್ದಲೆ ಮುಗಿಸಿ ಬಂದವರು ಬೆಳಗಿನ ಜಾವದವರೆಗೆ ಅರ್ಥಧಾರಿಗಳನ್ನು ಅಣಕಿಸಿ ನಗುವ ಮನೆತನ. ಮೇಡಂ ಹಾಳೆ ನೋಡಿ, "ಚಿತ್ರ ಚೆನ್ನಾಗಿದೆ ಅಂತ ನಾನು ಹೇಳಲ್ಲ, ಚೆನ್ನಾಗಿಲ್ಲ ಅಂತಾನೂ ಹೇಳಲ್ಲ. ಇಲ್ಲಿ ಮೊದಲು ಏನಿತ್ತು?" ಅಂದರು. ಅರ್ಧ ಗಂಟೆ ಬರೀ ನಮ್ಮ ಮನೆಯ ನಗೆಯ ಕಥೆ ಹೇಳಿದೆ. ಕೇಸಿನ ಮಾತೇ ಬರಲಿಲ್ಲ. ಅದು ಹೊತ್ತು ಹಾಳು ಮಾಡಿದ್ದಲ್ಲ ಅಂತ ಆಗಲೂ ಗೊತ್ತಿತ್ತು.

ಎರಡನೆಯ ನಮಸ್ಕಾರ ನಮಗೆ ಕಲಿಸಲು ಸಾಗರದ ಕಡೆಯಿಂದ ಬಂದ, ದೀವರ ಸಮುದಾಯದ ಅಮ್ಮನಿಗೆ. ಹಸೆ ಚಿತ್ತಾರ ಬರೆಯುವ ಕೈ ಅವರದ್ದು. ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಬರೆಯುವ ಚಿತ್ತಾರ ಅದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಅದೇ ಗೆರೆಗಳು ಬರುತ್ತವೆ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಮೇಡಂ ಮೊದಲೇ ಎರಡು ಮಾತು ಹೇಳಿದ್ದರು. ಇದು ಅವರ ಮನೆಯ ಕಲೆ, ನಮ್ಮ 'ಟೆಕ್ನಿಕ್' ಅಲ್ಲ. ಕಲಿಸಿದ್ದಕ್ಕೆ ಸಂಭಾವನೆ ಕೊಟ್ಟೇ ಕಳಿಸಬೇಕು. ಇನ್ನೊಂದು, ಅಮ್ಮ ಇರುವಾಗ ಯಾರ ಕೇಸಿನ ಸುದ್ದಿಯೂ ಬಾಯಿಗೆ ಬರಬಾರದು. ಎರಡೂ ನನಗೆ ಬಹಳ ಸರಿಯೆನಿಸಿತು. ಹಳ್ಳಿಯ ಕಲೆ ತಂದು ಪಟ್ಟಣದ ತರಬೇತಿಯಲ್ಲಿ ಹೆಸರಿಲ್ಲದೆ ಬಳಸುವ ಚಾಳಿ ನಮ್ಮಲ್ಲಿ ಕಡಿಮೆಯೇನಿಲ್ಲ.

ನನ್ನ ಕೈಯಲ್ಲಿ ಪುಂಡಿ ನಾರು ನೋಡಿ ಅಮ್ಮ, "ಗಂಡಸ್ರಿಗೂ ಹಸೆ ಬರಿಯೋ ಕಾಲ ಬಂತಲ್ಲ" ಅಂತ ನಕ್ಕರು. ಆಮೇಲೆ ನನ್ನ ಗೆರೆ ನೋಡಿ ನಗು ನಿಲ್ಲಿಸಿದರು. "ಉಸ್ರು ಬಿಗಿ ಹಿಡೀಬೇಡ ತಮ್ಮಾ, ಕೈ ನಡುಗ್ತದೆ." ಉಸಿರು ಕಟ್ಟಿಕೊಂಡಿದ್ದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಭೇಟಿಗಳ ನಡುವೆ ಗಮನಿಸಿದರೆ ಅಲ್ಲೂ ಅದೇ. ಎದುರಿನವರು ಅಳಲು ಶುರು ಮಾಡಿದೊಡನೆ ನನ್ನ ಉಸಿರು ನಿಲ್ಲುತ್ತಿತ್ತು. ಉಸಿರಾಟದ ಅಭ್ಯಾಸ ಹೇಳಿಕೊಡುವ ತರಬೇತಿಗಳಲ್ಲಿ ಕೂತು ಎದ್ದಿದ್ದೇನೆ. ಪುಂಡಿ ನಾರು ತೋರಿಸಿದ್ದು ಅವು ತೋರಿಸಲಿಲ್ಲ.

ಆ ದಿನ ನಾನು ಹಾಳೆಯ ಒಂದು ಮೂಲೆಯನ್ನೂ ಬಿಡದೆ ಗೆರೆ ತುಂಬಿದ್ದೆ. "ಕೆಮ್ಮಣ್ಣು ಕಾಣ್ಬೇಕು, ಎಲ್ಲಾ ಮುಚ್ಚಿದ್ರೆ ಚಿತ್ತಾರ ಎಲ್ಲಿಂದ ಕಾಣ್ತದೆ?" ಅಂತ ಅಮ್ಮ ಪಕ್ಕದಲ್ಲಿ ಇನ್ನೊಂದು ಹಾಳೆ ಇಟ್ಟರು. ಅವರು ಹೇಳಿದ್ದು ಬರೀ ಚಿತ್ತಾರದ ಬಗ್ಗೆ. ಮುಂದಿನ ವಾರ ಆ ಎರಡು ಹಾಳೆ ಹಿಡಿದು ಮೇಡಂ ಎದುರು ಕೂತಾಗ, ನನ್ನ ಭೇಟಿಗಳ ಪಟ್ಟಿಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ನೀರು ಕುಡಿಯುವಷ್ಟೂ ಜಾಗವಿಲ್ಲ ಅಂತ ನಾನೇ ಹೇಳಿದೆ. ಇಲ್ಲಿ ಮೇಡಂ ಮಾಡಿದ್ದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. 'ಇನ್ನಷ್ಟು ಚಿತ್ರ ಬರೀರಿ, ಹಗುರಾಗುತ್ತೆ' ಅನ್ನಲಿಲ್ಲ. ಕೇಂದ್ರಕ್ಕೆ ಪತ್ರ ಬರೆದು ನನ್ನ ಭೇಟಿಗಳ ಸಂಖ್ಯೆ ಇಳಿಸಿದರು, ನಡುವೆ ಬಿಡುವು ಹಾಕಿಸಿದರು. ಹೊರೆ ಹಾಗೇ ಇಟ್ಟು ಕ್ರೇಯಾನ್ ಹಂಚುವ ಸಂಸ್ಥೆಗಳನ್ನು ನಾನು ಕೇಳಿ ಬಲ್ಲೆ. ಅದು ಕ್ಷೇಮವಲ್ಲ, ದಣಿದವನ ಮೇಲೇ ತಪ್ಪು ಹೊರಿಸುವ ಸಭ್ಯ ದಾರಿ. ನಮ್ಮ ಕೇಂದ್ರದವರು ಗೊಣಗದೆ ಒಪ್ಪಿದರು ಅಂದರೆ ಸುಳ್ಳಾಗುತ್ತದೆ. ಗೊಣಗಿದರು, ಒಪ್ಪಿದರು. ಅವರಿಗೂ ನಮಸ್ಕಾರ.

ಮರಳ ತಟ್ಟೆಯ ಬಗ್ಗೆ ಹೇಳದಿದ್ದರೆ, ಮೇಡಂ ಹತ್ತಿರ ಜೊತೆಗೆ ಕಲಿತ ನಮ್ಮ ಗುಂಪಿನವರು ಬಿಡುವುದಿಲ್ಲ. ಲಂಡನ್ನಿನ ಮಕ್ಕಳ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ ಮಕ್ಕಳಿಗೆ ಮರಳು, ಸಣ್ಣ ಬೊಂಬೆ ಕೊಟ್ಟು ಅವರದೇ ಲೋಕ ಕಟ್ಟಿಸಿದ ಪದ್ಧತಿ, ಆಮೇಲೆ ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ ಕೈಯಲ್ಲಿ ಬೆಳೆಯಿತು. ಈಗ ಸೂಪರ್ವಿಷನ್ನಿನಲ್ಲೂ ಬಳಸುತ್ತಾರೆ. ನಮ್ಮ ತಟ್ಟೆಯಲ್ಲಿ ಬೊಂಬೆಗಳ ಜೊತೆ ಗೋಟಡಿಕೆ, ಆಟಿಕೆ ಬಸ್ಸು, ಗುಂಡಿ, ಮುರಿದ ಬೀಗ ಎಲ್ಲ ಇದ್ದವು. ನನಗೆ ಭಾರವಾಗಿದ್ದ ಒಂದು ಕೇಸನ್ನು ಇಟ್ಟು ತೋರಿಸಿ ಅಂದರು. ಮನೆ ಕಟ್ಟಿದೆ, ಒಳಗಿನವರನ್ನು ಇಟ್ಟೆ, 'ಇದು ನಾನು' ಅಂತ ಆರಿಸಿಕೊಂಡ ಗೋಟಡಿಕೆಯನ್ನು ಬಾಗಿಲಲ್ಲೇ ಇಟ್ಟೆ. ಒಳಗೆ ಹೋಗುವವರೂ ಹೊರಗೆ ಬರುವವರೂ ನನ್ನನ್ನು ದಾಟಿಯೇ ಹೋಗಬೇಕಿತ್ತು. ಮೇಡಂ ಅರ್ಥ ಹೇಳಲಿಲ್ಲ. "ಒಂದು ಬೆರಳಷ್ಟು ಪಕ್ಕಕ್ಕೆ ಸರಿಸಿ. ಈಗ ಯಾರಿಗೆ ಏನಾಯ್ತು?" ಅಂತ ಕೇಳಿದರು. ಸರಿಸಿದಾಗ ಮನೆಯೊಳಗಿದ್ದ ಅಣ್ಣ ತಂಗಿಯ ಬೊಂಬೆಗಳು ಎದುರುಬದುರಾದವು. ಅವರಿಬ್ಬರೂ ಮಾತಾಡಿಕೊಳ್ಳಬಹುದು ಅನ್ನುವ ಯೋಚನೆ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮುಂದಿನ ಭೇಟಿಯಲ್ಲಿ ನನ್ನ ಮಾತು ಅರ್ಧಕ್ಕೆ ಇಳಿಯಿತು.

ಬರವಣಿಗೆಯೂ ಇತ್ತು. ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಅವರ 1986ರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸಿಗೆ ನೋವಾದದ್ದನ್ನು ಬರೆದಿದ್ದರು. ನಮ್ಮದು ಅದರ ಸಡಿಲ ರೂಪ. ವ್ಯಾಕರಣ ನೋಡಬೇಡಿ, ಯಾರಿಗೂ ತೋರಿಸಬೇಡಿ ಅಂದಿದ್ದರು. ಬರೆದ ಹಾಳೆಗಳನ್ನು ನಾನು ಮನೆಯ ಬಚ್ಚಲ ಒಲೆಗೆ ಹಾಕುತ್ತಿದ್ದೆ. ಬಂದವರ ಗುಟ್ಟೂ ಉಳಿಯಿತು, ಹಂಡೆ ನೀರೂ ಕಾಯಿತು. ಒಲೆಯ ಮುಂದೆ ಕೂತು ನಾನು ನಕ್ಕಿದ್ದು ಕೇಳಿ ನನ್ನ ಹೆಂಡತಿ ಬಂದು ನೋಡಿದಳು. ಕೆಲಸ ಬಿಡು ಅನ್ನುವ ಮಾತು ನಮ್ಮ ಮನೆಯಲ್ಲಿ ನಿಂತದ್ದು ಸುಮಾರು ಆ ಹೊತ್ತಿಗೆ. ಆ ಇಡೀ ಮಳೆಗಾಲ ಮಾತಿಲ್ಲದ ಗಂಡನಿಗೆ ಬಿಸಿ ಕಷಾಯ ಕೊಟ್ಟು ಪ್ರಶ್ನೆ ಕೇಳದೆ ಹೋದವಳು ಅವಳು. ಅವಳಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ 'ಊರಿಗೆಲ್ಲ ಯಾಕೆ ಹೇಳ್ತೀರಿ' ಅನ್ನುತ್ತಾಳೆ, ಆದರೂ ಹೇಳಿದ್ದೇನೆ.

ಎಲ್ಲವೂ ಒಗ್ಗಿತು ಅಂತಲ್ಲ. ಜೇಡಿಮಣ್ಣು ನನಗೆ ಆಗಲೇ ಇಲ್ಲ. ಕೈ ಅಂಟಾಗಿ ಕಿರಿಕಿರಿಯಾಯಿತು, ಅಷ್ಟೆ. ಪತ್ರಿಕೆಯ ಚಿತ್ರ ಕತ್ತರಿಸಿ ಅಂಟಿಸುವುದು ಗುಂಪಿನ ಶಾಲಾ ಕೌನ್ಸೆಲರ್ ಅಕ್ಕನಿಗೆ ಬಹಳ ಹಿಡಿಸಿತು, ನಾನು ಮಾತ್ರ ಸುದ್ದಿ ಓದುತ್ತಾ ಕೂತೆ. ಬೇಡ ಅಂದರೆ ಬೇಡ, ಕಾರಣ ಕೇಳುವಂತಿಲ್ಲ ಅನ್ನುವುದು ಮೇಡಂ ಇಟ್ಟ ನಿಯಮ. ಇನ್ನೊಂದು ನಿಯಮ ಅದಕ್ಕಿಂತ ದೊಡ್ಡದು: ಇಲ್ಲಿ ಬರೆದ ಯಾವ ಚಿತ್ರವೂ ಮೌಲ್ಯಮಾಪನದ ಫೈಲಿಗೆ ಹೋಗುವುದಿಲ್ಲ. ಸಹಿ ಹಾಕುವ ಅಧಿಕಾರ ಇರುವವರ ಎದುರು ಮನಸ್ಸು ಬಿಚ್ಚುವುದು ಸುಲಭವಲ್ಲ, ಅದು ಅವರಿಗೆ ಗೊತ್ತಿತ್ತು. ಒಮ್ಮೆ ಚಿತ್ರ ಬರೆಯುತ್ತಾ ತೀರಿಕೊಂಡ ಅಪ್ಪನ ಸುದ್ದಿಗೆ ಬಂದು ನಿಂತೆ. ಅವರು ಪೂರ್ತಿ ಕೇಳಿದರು, ಆಮೇಲೆ ಮೃದುವಾಗಿಯೇ ಅಂದರು: "ಇದು ನಾನು ಹಿಡಿಯೋದಲ್ಲ. ನಾನು ನಿಮ್ಮ ಸೂಪರ್ವೈಸರ್. ಇದಕ್ಕೆ ಬೇರೆಯವರ ಹತ್ತಿರ ಕಳಿಸ್ತೀನಿ." ಕಳಿಸಿದರು, ಹೋದೆ. ಕೌನ್ಸೆಲರನೂ ಕೌನ್ಸೆಲಿಂಗಿಗೆ ಹೋಗುತ್ತಾನಾ ಅಂತ ಕೇಳುವ ನೆಂಟರಿಗೆ ಉತ್ತರ: ಹೌದು, ಹಲ್ಲಿನ ಡಾಕ್ಟರಿಗೂ ಹಲ್ಲು ನೋಯುತ್ತದೆ.

ಗುಂಪಿನ ಗೆಳೆಯರೆಲ್ಲರಿಗೂ, ಅದರಲ್ಲೂ ಬಡಗುತಿಟ್ಟು ಯಕ್ಷಗಾನದ ಹೆಜ್ಜೆ ಕಲಿಸುತ್ತೇನೆಂದು ನಮ್ಮೆಲ್ಲರ ಮೊಣಕಾಲು ನೋಯಿಸಿದ ಆಸ್ಪತ್ರೆಯ ಕೌನ್ಸೆಲರ್ ಭಟ್ಟರಿಗೆ ವಂದನೆ. ಟೆಲಿ ಮಾನಸ್‌ನ ಫೋನಿನಾಚೆ ಕೂತವರಿಗೂ. 2022ರ ಅಕ್ಟೋಬರ್ 10ರಂದು ಶುರುವಾದ ಆ ಸರ್ಕಾರಿ ಮಾನಸಿಕ ಆರೋಗ್ಯ ಸೇವೆಯ ನಂಬರ್ 14416. ಹಗಲು ರಾತ್ರಿ ಎನ್ನದೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ನಡುರಾತ್ರಿ ನನ್ನ ಸ್ವಂತ ಮೊಬೈಲಿಗೆ ಬರುತ್ತಿದ್ದ ಕರೆಗಳ ಬದಲು ಬಂದವರಿಗೆಲ್ಲ ಆ ನಂಬರ್ ಬರೆದುಕೊಡಲು ಶುರು ಮಾಡಿದ ಮೇಲೆ ನನಗೆ ನಿದ್ದೆ ಹತ್ತಿತು. ಬಂದು ಎದುರಿಗೆ ಕೂತು ನಂಬಿ ಮಾತಾಡಿದವರಿಗೆ ಏನು ಹೇಳಲಿ? ನೀವ್ಯಾರೆಂದು ನಿಮಗೆ ಗೊತ್ತು. ನಿಮ್ಮಿಂದ ಕಲಿತಿದ್ದೇನೆ.

ಹೊಸಬರಿಬ್ಬರಿಗೆ ಕೊನೆಗೊಂದು ಮಾತು. ಸೋಮವಾರ ಹತ್ತು ಗಂಟೆಗೆ ಬನ್ನಿ. ಫಾರಂಗಳನ್ನು ಆಮೇಲೆ ತುಂಬೋಣ, ಮೊದಲು ನಿಮ್ಮ ಭೇಟಿಗಳ ಪಟ್ಟಿಯಲ್ಲಿ ಎಷ್ಟು ಬಿಡುವಿದೆ ನೋಡೋಣ. ಬಣ್ಣ, ಪುಂಡಿ ನಾರು, ಮರಳು ಎಲ್ಲ ಇದೆ. ಹಾಳೆ ಖಾಲಿಯಾಗಿದೆ, ಬರುವಾಗ ಗಾಂಧಿ ಬಜಾರಿನಲ್ಲಿ ಒಂದು ಕಟ್ಟು ತನ್ನಿ, ದುಡ್ಡು ಕೊಡುತ್ತೇನೆ.