ಹಾಕದ ಬ್ರೇಕ್ ಆಯಿಲ್‌ಗೆ ಬಿಲ್, ಕೇಳಿದ್ದಕ್ಕೆ ಅವಮಾನ: ನಾನು ಬರೆಯುತ್ತಿರುವ ಕೊನೆಯ ದೂರು

18 ನವೆಂಬರ್ 2024

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ.

ವಿಷಯ: ಅಕ್ಟೋಬರ್ 14ರಂದು ನಿಮ್ಮ ಅಧಿಕೃತ ಸರ್ವೀಸ್ ಸೆಂಟರ್‌ನಲ್ಲಿ ನನ್ನ ಬೈಕಿಗೆ ಮಾಡದ ಬ್ರೇಕ್ ಕೆಲಸಕ್ಕೆ ಬಿಲ್ ಹಾಕಿದ್ದು, ಆರೇ ದಿನಕ್ಕೆ ಚಾರ್ಮಾಡಿ ಘಾಟಿಯಲ್ಲಿ ಮುಂದಿನ ಬ್ರೇಕ್ ಕೈಕೊಟ್ಟಿದ್ದು.

ಮೊನ್ನೆ ಶನಿವಾರ ನಿಮ್ಮಿಂದ ಒಂದು ಮೆಸೇಜ್ ಬಂತು. ‘ನಿಮ್ಮ ದೂರು ಪರಿಹಾರವಾಗಿದೆ, ಧನ್ಯವಾದ’ ಅಂತ. ಯಾರೂ ನನಗೆ ಫೋನ್ ಮಾಡಿಲ್ಲ. ಯಾರೂ ಗಾಡಿ ನೋಡಿಲ್ಲ. ಒಂದು ರೂಪಾಯಿ ವಾಪಸ್ ಬಂದಿಲ್ಲ. ನಿಮ್ಮ ಟೋಲ್‌ಫ್ರೀ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದ್ದೆ. ಮೂರನೇ ಸಲ ‘ದೀಪಾವಳಿ ಕಳೆಯಲಿ ಸರ್’ ಅಂದರು. ದೀಪಾವಳಿ ಕಳೆಯಿತು. ನಾಲ್ಕನೇ ಸಲ ‘ಸಂಬಂಧಪಟ್ಟವರಿಗೆ ತಿಳಿಸಿದ್ದೇವೆ’ ಅಂದರು. ಇಷ್ಟು ದಿನ ಗಂಟಲು ಏರಿಸದೆ ಮಾತಾಡಿದ್ದೇನೆ. ಆ ಮೆಸೇಜ್ ನೋಡಿದ ಮೇಲೆ ಇನ್ನು ಫೋನ್ ಸಾಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟ್‌ನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವನು. ನಿಮ್ಮ ಕಂಪನಿಯ 150 ಸಿಸಿ ಗಾಡಿ ತೆಗೆದುಕೊಂಡು ಐದು ವರ್ಷ ಆಯಿತು. ಮುಂದೆ ಡಿಸ್ಕ್ ಇದೆ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್ ಇದೆ. ಹಿಂದೆ ಡ್ರಮ್. ಒಂದು ಸರ್ವೀಸೂ ತಪ್ಪಿಸಿಲ್ಲ, ಹೊರಗಡೆ ಮಾಡಿಸಿಯೂ ಇಲ್ಲ. ಚೈನ್‌ಗೆ ನಾನೇ ಲೂಬ್ ಹಾಕುತ್ತೇನೆ. ಟೈರ್ ಗಾಳಿ ವಾರಕ್ಕೊಮ್ಮೆ ನೋಡುತ್ತೇನೆ. ಮಳೆಗಾಲಕ್ಕೆ ಮುಂಚೆ ಹಿಂದಿನ ಟೈರ್ ಬದಲಾಯಿಸುತ್ತೇನೆ, ಇನ್ನೂ ಸ್ವಲ್ಪ ಓಡುತ್ತೆ ಅನ್ನಿಸಿದರೂ ಸರಿ. ಘಾಟಿಯ ಪಕ್ಕದಲ್ಲಿ ಇರುವವರಿಗೆ ಇದೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ.

ಬ್ರೇಕ್ ಮಾತ್ರ ನಾನು ಮುಟ್ಟುವುದಿಲ್ಲ. ಅದು ಗೊತ್ತಿದ್ದವರ ಕೆಲಸ ಅಂತ ನಿಮ್ಮ ಹತ್ತಿರ ತರುತ್ತೇನೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ನೀವೇ ಅಚ್ಚು ಹಾಕಿಸಿದ್ದೀರಿ. ಅದಕ್ಕೇ ಅಕ್ಟೋಬರ್ 14ರಂದು ಬಾಯಿಬಿಟ್ಟು ಹೇಳಿದೆ: ‘ಮಳೆಗಾಲ ಮುಗೀತು, ಮುಂದಿನ ಬ್ರೇಕ್ ಪೂರ್ತಿ ನೋಡಿ. ಆಯಿಲ್ ಬದಲಾಯಿಸಿ. ವಾರ ವಾರ ಘಾಟಿ ಇಳೀತೀನಿ.’ ಜಾಬ್ ಕಾರ್ಡ್‌ನಲ್ಲಿ ಬರೆದುಕೊಂಡರು. ಸಂಜೆ ಬಿಲ್ ಬಂತು, ಒಟ್ಟು 2,340 ರೂಪಾಯಿ. ಅದರಲ್ಲಿ ಬ್ರೇಕ್ ಆಯಿಲ್ ಇದೆ, ಅದನ್ನು ಹಾಕಿದ ಕೂಲಿ ಇದೆ, ಡಿಸ್ಕ್‌ಗೆ ಪ್ಯಾಡ್ ಒತ್ತುವ ಕ್ಯಾಲಿಪರ್ ಬಿಚ್ಚಿ ಕ್ಲೀನ್ ಮಾಡಿದ ಕೂಲಿ ಇದೆ. ಮೂರಕ್ಕೂ ಟಿಕ್ ಇದೆ. ಗಾಡಿ ಕೊಡುವಾಗ ಕೌಂಟರ್ ಹುಡುಗ ‘ಕಂಪನಿಯಿಂದ ಫೋನ್ ಬರುತ್ತೆ ಸರ್, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ’ ಅಂದ. ಮಾರನೇ ದಿನ ಫೋನ್ ಬಂತು. ನಂಬಿ ಹತ್ತಕ್ಕೆ ಹತ್ತು ಕೊಟ್ಟೆ.

ಅಕ್ಟೋಬರ್ 20, ಭಾನುವಾರ. ಮಗಳು ಉಜಿರೆಯಲ್ಲಿ ಓದುತ್ತಾಳೆ. ಅವಳನ್ನು ಹಾಸ್ಟೆಲ್‌ಗೆ ಬಿಡಲು ಹೊರಟೆ. ಕೊಟ್ಟಿಗೆಹಾರದಲ್ಲಿ ಟೀ ಕುಡಿದೆವು. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ ಕೈ ಮುಗಿದೆವು. ಅಲ್ಲಿಂದ ಕೆಳಗೆ ಸ್ವಲ್ಪ ದೂರ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದೆ ಹೋಗುತ್ತಿದ್ದ ಪಿಕಪ್‌ನದು ಇರಬೇಕು ಅಂದುಕೊಂಡೆ. ಮುಂದಿನ ತಿರುವಿಗೆ ಬ್ರೇಕ್ ಹಿಡಿದೆ. ಲಿವರ್ ನಾದಿದ ಹಿಟ್ಟು ಹಿಸುಕಿದ ಹಾಗೆ ಮೆತ್ತಗೆ ಒಳಗೆ ಹೋಗಿ ಹ್ಯಾಂಡಲ್‌ಗೆ ತಾಗಿತು. ಬಿಟ್ಟು ಮತ್ತೆ ಹಿಡಿದೆ. ಮತ್ತೆ ಹ್ಯಾಂಡಲ್‌ಗೇ ತಾಗಿತು. ಗಾಡಿ ನಿಲ್ಲುತ್ತಿಲ್ಲ. ಹಿಂದಿನ ಬ್ರೇಕ್ ಒತ್ತಿ, ಮೂರರಿಂದ ಎರಡು, ಎರಡರಿಂದ ಒಂದನೇ ಗೇರಿಗೆ ಇಳಿಸಿದೆ. ಇಂಜಿನ್ ಕಿರುಚಿತು. ಮಗಳ ಹೆಲ್ಮೆಟ್ ನನ್ನ ಹೆಲ್ಮೆಟ್‌ಗೆ ಟಕ್ ಅಂತ ಬಡಿಯಿತು. ಗುಡ್ಡದ ಕಡೆಯ ಹುಲ್ಲಿಗೆ ಹತ್ತಿಸಿ ನಿಲ್ಲಿಸಿದಾಗ ಪಿಕಪ್‌ಗೂ ನಮಗೂ ಒಂದು ಮಾರು ದೂರ ಇತ್ತು.

‘ಏನಾಯ್ತಪ್ಪಾ?’ ಅಂದಳು. ‘ಏನಿಲ್ಲ ಮಗಾ, ಗಾಡಿ ಬಿಸಿ ಆಗಿದೆ, ಆರಲಿ’ ಅಂದೆ. ಕೈ ನಡುಗುವುದು ಅವಳಿಗೆ ಕಾಣದಿರಲಿ ಅಂತ ಎರಡೂ ಕೈ ಜರ್ಕಿನ್ ಜೇಬಿಗೆ ಹಾಕಿಕೊಂಡೆ.

ಆ ತಿರುವು ಎಡಕ್ಕೆ ಇದ್ದದ್ದಕ್ಕೆ ಗುಡ್ಡ ಸಿಕ್ಕಿತು. ಬಲಕ್ಕೆ ಇದ್ದಿದ್ದರೆ ನಮ್ಮ ಪಕ್ಕಕ್ಕೆ ಕಣಿವೆ. 2019ರ ಆಗಸ್ಟ್‌ನಲ್ಲಿ ಇದೇ ಘಾಟಿ ಕುಸಿದಾಗ ನಾನು ನೋಡಿದ್ದೇನೆ, ಕೆಳಗೆ ಏನಿದೆ ಅಂತ.

ಮಗಳನ್ನು ಕೆಎಸ್ಆರ್‌ಟಿಸಿ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಸಿದೆ. ನಲವತ್ತು ನಿಮಿಷ ಬಿಟ್ಟು ಲಿವರ್ ಹಿಡಿದು ನೋಡಿದರೆ ಗಟ್ಟಿ, ಏನೂ ಆಗದ ಹಾಗೆ. ಯಾಕೆ ಹೀಗೆ ಅಂತ ನಿಮ್ಮ ಇಂಜಿನಿಯರ್‌ಗಳಿಗೆ ಚೆನ್ನಾಗಿ ಗೊತ್ತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ 230 ಡಿಗ್ರಿಗಿಂತ ಕೆಳಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗುವುದಿಲ್ಲ, ಇನ್ನು ಆಯಿಲ್‌ಗೆ ತೇವಕ್ಕೆ ಬರವಾ? ಘಾಟಿಯಲ್ಲಿ ಡಿಸ್ಕ್ ಕಾದಾಗ ಆ ಆಯಿಲ್ ಕುದಿದು ಆವಿಯಾಯಿತು. ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಹಾಗಾಗಿ ಲಿವರ್ ಪೂರ್ತಿ ಒಳಗೆ ಹೋದರೂ ಪ್ಯಾಡ್‌ಗೆ ಬಲ ಹೋಗಲಿಲ್ಲ. ಅಂಥಾ ಹೊತ್ತಲ್ಲಿ ಎಬಿಎಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆರಿದ ಮೇಲೆ ಆವಿ ಮತ್ತೆ ಆಯಿಲ್ ಜೊತೆ ಸೇರುತ್ತದೆ, ಲಿವರ್ ಗಟ್ಟಿಯಾಗುತ್ತದೆ.

ಒಂದನೇ ಗೇರಿನಲ್ಲಿ, ಹಿಂದಿನ ಬ್ರೇಕ್ ನಂಬಿಕೊಂಡು, ನಡೆದಷ್ಟು ನಿಧಾನಕ್ಕೆ ಕೆಳಗೆ ಇಳಿದೆ. ಉಜಿರೆಯಲ್ಲಿ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಆತ ಸ್ಕ್ರೂಡ್ರೈವರ್ ತೆಗೆದುಕೊಂಡ, ಹ್ಯಾಂಡಲ್ ಮೇಲಿನ ಆಯಿಲ್ ಡಬ್ಬಿಯ ಮುಚ್ಚಳ ನೋಡಿದ, ಹಾಗೇ ನಿಂತ. ‘ಇದನ್ನು ಯಾರೂ ಬಿಚ್ಚಿದ್ದೇ ಇಲ್ಲ ಮಾರಾಯ್ರೆ’ ಅಂದ.

ನಾನೂ ಬಗ್ಗಿ ನೋಡಿದೆ. ಮುಚ್ಚಳಕ್ಕೆ ಎರಡು ಸ್ಕ್ರೂ. ಎರಡರ ತಲೆಯ ಸೀಳಿನಲ್ಲೂ ನಮ್ಮ ತೋಟದ ಕೆಮ್ಮಣ್ಣು ಒಣಗಿ ಕೂತಿತ್ತು. ಸ್ಕ್ರೂಡ್ರೈವರ್‌ನ ತುದಿ ಒಳಗೆ ಹೋಗಲೂ ಜಾಗ ಇರಲಿಲ್ಲ. ಮುಚ್ಚಳದ ಸುತ್ತ ಮಣ್ಣಿನ ತೆಳು ಗೆರೆ, ಎಲ್ಲೂ ಬಿರುಕು ಬಿಟ್ಟಿಲ್ಲ. ಮುಚ್ಚಳ ಎತ್ತದೆ ಆಯಿಲ್ ಬದಲಾಯಿಸಲು ಬರುವುದಿಲ್ಲ ಅಲ್ವಾ? ಬಿಚ್ಚುವ ಮುಂಚೆ ಫೋಟೋ ತೆಗೆದುಕೊಂಡೆ. ಆಮೇಲೆ ಅವನು ಸೂಜಿಯಲ್ಲಿ ಮಣ್ಣು ಕೆದಕಿ ಬಿಚ್ಚಿದ. ಹೊಸ ಆಯಿಲ್ ತಿಳಿ ಜೇನಿನ ಬಣ್ಣ ಇರಬೇಕು. ಒಳಗಿದ್ದದ್ದು ಕಾಫಿ ಡಿಕಾಕ್ಷನ್ ಬಣ್ಣ. ಕ್ಯಾಲಿಪರ್ ಬಿಚ್ಚಿದರೆ ಅದು ಸರಿದಾಡುವ ಪಿನ್ ಎರಡೂ ಒಣಗಿ ತುಕ್ಕು ಹಿಡಿದಿದ್ದವು. ಒಂದು ಹನಿ ಗ್ರೀಸ್ ಇಲ್ಲ. ಬ್ರೇಕ್ ಬಿಟ್ಟರೂ ಪ್ಯಾಡ್ ಡಿಸ್ಕ್‌ಗೆ ಉಜ್ಜುತ್ತಲೇ ಇತ್ತು. ಸುಟ್ಟ ವಾಸನೆ ನಮ್ಮ ಗಾಡಿಯದೇ ಆಗಿತ್ತು. ಪಿನ್ ಉಜ್ಜಿ ಗ್ರೀಸ್ ಹಚ್ಚಿ, ಹೊಸ ಆಯಿಲ್ ಹಾಕಿ, ಗುಳ್ಳೆ ಬರುವುದು ನಿಲ್ಲುವವರೆಗೆ ಏರ್ ತೆಗೆದ. ಅರ್ಧ ಗಂಟೆ, 350 ರೂಪಾಯಿ. ಹಳೇ ಆಯಿಲ್ ಒಂದು ಸಣ್ಣ ಬಾಟಲಿಯಲ್ಲಿ ತುಂಬಿಸಿಕೊಂಡೆ. ಈಗಲೂ ಇದೆ.

ಅಕ್ಟೋಬರ್ 23, ಬುಧವಾರ, ರಜೆ ಹಾಕಿ ಸರ್ವೀಸ್ ಸೆಂಟರ್‌ಗೆ ಹೋದೆ. ಅಲ್ಲಿ ಆದದ್ದನ್ನು ಒಂದೊಂದೇ ಮಾತು ಬರೆಯುತ್ತೇನೆ. ಮರೆಯಲು ಆಗುತ್ತಿಲ್ಲ.

ಹನ್ನೊಂದಕ್ಕೆ ಹೋದೆ. ‘ಕೂತ್ಕೊಳ್ಳಿ’ ಅಂದರು. ಕುರ್ಚಿ ಖಾಲಿ ಇರಲಿಲ್ಲ, ನಿಂತೆ. ನನ್ನ ನಂತರ ಬಂದ ಮೂವರನ್ನು ಮಾತಾಡಿಸಿ ಕಳಿಸಿದರು. ಹೊಸ ಗಾಡಿ ನೋಡಲು ಬಂದವರಿಗೆ ಟೀ ಕೊಟ್ಟರು. ಹನ್ನೆರಡೂಕಾಲಿಗೆ ನನ್ನನ್ನು ಕರೆದರು. ಬಾಟಲಿ, ಫೋಟೋ, ಬಿಲ್ ಮೂರನ್ನೂ ಟೇಬಲ್ ಮೇಲೆ ಇಟ್ಟೆ.

ಅಡ್ವೈಸರ್ ಕಂಪ್ಯೂಟರ್‌ನಿಂದ ಕಣ್ಣು ತೆಗೆಯದೆ, ‘ಸಿಸ್ಟಮ್‌ನಲ್ಲಿ ಟಿಕ್ ಆಗಿದೆ ಸರ್. ಟಿಕ್ ಆಗಿದೆ ಅಂದ್ರೆ ಕೆಲಸ ಆಗಿದೆ’ ಅಂದರು.

‘ಸ್ಕ್ರೂ ತಲೇಲಿ ಮಣ್ಣು ಇದೆ ನೋಡಿ’ ಅಂದೆ.

‘ಫೋಟೋ ಯಾವಾಗ ಬೇಕಾದ್ರೂ ತೆಗೀಬಹುದು. ಮಣ್ಣು ಆಮೇಲೂ ಕೂರಬಹುದು.’

‘ಆರೇ ದಿನದಲ್ಲಿ ಇಷ್ಟು ಗಟ್ಟಿಯಾಗಿ ಮಣ್ಣು ಕೂರುತ್ತಾ? ಆಯಿಲ್ ನೋಡಿ, ಇದು ಆರು ದಿನದ ಆಯಿಲಾ?’

ಬಾಟಲಿ ಮುಟ್ಟಲೂ ಇಲ್ಲ. ‘ಹೊರಗಡೆ ಬಿಚ್ಚಿಸಿದೀರಲ್ಲ ಸರ್. ಇನ್ನು ನಮ್ಮ ಜವಾಬ್ದಾರಿ ಇಲ್ಲ’ ಅಂದರು. ಘಾಟಿಯಿಂದ ಹಾಗೇ ಬ್ರೇಕ್ ಇಲ್ಲದೆ ಹತ್ತಿಸಿಕೊಂಡು ಬರಬೇಕಿತ್ತಾ ಅಂತ ಕೇಳಿದೆ. ಅಷ್ಟರಲ್ಲಿ ಮ್ಯಾನೇಜರ್ ಬಂದರು. ನನ್ನ ಮಗನ ವಯಸ್ಸು ಇರಬಹುದು. ಪೂರ್ತಿ ಕೇಳಿಸಿಕೊಳ್ಳಲಿಲ್ಲ. ‘ಘಾಟಿನಲ್ಲಿ ಬ್ರೇಕ್ ಹಿಡ್ಕೊಂಡೇ ಇಳಿದ್ರೆ ಹೀಗೇ ಆಗೋದು ಸರ್. ಗೇರ್‌ನಲ್ಲಿ ಇಳೀಬೇಕು’ ಅಂದರು. ಇಪ್ಪತ್ತೆರಡು ವರ್ಷದಿಂದ ಆ ಘಾಟಿ ಹತ್ತಿ ಇಳಿಯುತ್ತಿದ್ದೇನೆ ಅಂದೆ. ಆಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು:

‘ಬಿದ್ರಾ?’

‘ಇಲ್ಲ’ ಅಂದೆ.

‘ಬಿದ್ದಿಲ್ವಲ್ಲ, ಮತ್ತೇನು ಕಂಪ್ಲೇಂಟು? ವಯಸ್ಸಾದ ಮೇಲೆ ಬಸ್ಸಲ್ಲಿ ಹೋಗೋದು ಒಳ್ಳೇದು.’

ಹಿಂದೆ ಯಾರೋ ಇಬ್ಬರು ನಕ್ಕರು. ಟೇಬಲ್ ಮೇಲಿನ ಬಾಟಲಿ ತೆಗೆದು ಜೇಬಿಗೆ ಹಾಕಿಕೊಳ್ಳುವಾಗ ಕೈ ಮತ್ತೆ ಘಾಟಿಯಲ್ಲಿ ನಡುಗಿದ ಹಾಗೇ ನಡುಗಿತು. ನನಗೆ ಐವತ್ತೊಂದು ವರ್ಷ. ಆ ಮಾತಿಗೆ ಉತ್ತರ ಕೊಡದೆ ಹೊರಗೆ ಬಂದೆ. ಇವತ್ತು ಉತ್ತರ ಬರೆಯುತ್ತಿದ್ದೇನೆ. ನಾವು ಬೀಳಲಿಲ್ಲ ನಿಜ. ಅದಕ್ಕೆ ನಿಮ್ಮ ಸರ್ವೀಸ್ ಕಾರಣ ಅಲ್ಲ. ಹಿಂದಿನ ಡ್ರಮ್ ಬ್ರೇಕ್, ಒಂದನೇ ಗೇರು, ಎಡಕ್ಕೆ ಸಿಕ್ಕ ಗುಡ್ಡ ಕಾರಣ.

ಟಿಕ್ ಹಾಕುವ ಕೆಲಸ ನನಗೂ ಗೊತ್ತು. ದಿನಾ ಬೆಳಗ್ಗೆ ಎಸ್ಟೇಟ್‌ನಲ್ಲಿ ಚೆಕ್‌ರೋಲ್ ಬರೆಯುವವನು ನಾನೇ. ಬಾರದ ಆಳಿಗೆ ಒಂದು ದಿನ ಹಾಜರಿ ಹಾಕಿದರೆ ನನ್ನನ್ನು ಅದೇ ಸಂಜೆ ಮನೆಗೆ ಕಳಿಸುತ್ತಾರೆ. ಅದು ಬರೀ ಒಂದು ದಿನದ ಕೂಲಿಯ ಲೆಕ್ಕ. ನಿಮ್ಮವರು ಟಿಕ್ ಹಾಕಿದ್ದು ನನ್ನ ಮಗಳು ಕೂತ ಗಾಡಿಯ ಬ್ರೇಕಿಗೆ. ಅವರನ್ನು ಯಾರು ಕೇಳಿದರು?

ನನಗೆ ಬೇಕಾದದ್ದು ಇಷ್ಟು. ಮಾಡದ ಕೆಲಸಕ್ಕೆ ತೆಗೆದುಕೊಂಡ ಹಣ ವಾಪಸ್ ಕೊಡಿ, ಉಜಿರೆಯಲ್ಲಿ ಕೊಟ್ಟ 350 ಸೇರಿಸಿ. ಆ ಮ್ಯಾನೇಜರ್ ಲಿಖಿತವಾಗಿ ಕ್ಷಮೆ ಕೇಳಬೇಕು. ಇವೆರಡಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ವಾರ ಅಲ್ಲಿ ‘ಬ್ರೇಕ್ ಆಯಿಲ್ ಬದಲಾಯಿಸಿದೆ’ ಅಂತ ಟಿಕ್ ಬಿದ್ದ ಪ್ರತಿ ಗಾಡಿಯನ್ನೂ ವಾಪಸ್ ಕರೆಸಿ ನೋಡಿ. ಪಟ್ಟಿ ನಿಮ್ಮ ಸಿಸ್ಟಮ್‌ನಲ್ಲೇ ಇದೆ. ನಮ್ಮ ಕಡೆಯವರು ಚಾರ್ಮಾಡಿ ಇಳಿಯುತ್ತಾರೆ, ಆಗುಂಬೆ ಇಳಿಯುತ್ತಾರೆ, ಮುಳ್ಳಯ್ಯನಗಿರಿಗೆ ಹೋಗಿ ಬರುತ್ತಾರೆ. ಅವರಲ್ಲಿ ಯಾರು ಹಳೇ ಆಯಿಲ್‌ನಲ್ಲೇ ಓಡಾಡುತ್ತಿದ್ದಾರೋ ಅವರಿಗೇ ಗೊತ್ತಿಲ್ಲ. ಇದನ್ನು ನೆನೆಸಿಕೊಂಡರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಹದಿನೈದು ದಿನ ಕಾಯುತ್ತೇನೆ. ಮತ್ತೆ ಫೋನ್ ಮಾಡುವುದಿಲ್ಲ. ಡಿಸೆಂಬರ್ 3ರೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿಕೊಂಡಿದ್ದೇನೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ವಕೀಲರು ಇಲ್ಲದೆ ನಾನೇ ನಿಂತು ಹೇಳಬಹುದು. ಎರಡು ವರ್ಷ ಟೈಮ್ ಇದೆ. ಬಾಟಲಿ, ಫೋಟೋ, ಬಿಲ್, ನಿಮ್ಮ ಮೆಸೇಜ್ ಎಲ್ಲ ಒಂದೇ ಕವರ್‌ನಲ್ಲಿ ಇಟ್ಟಿದ್ದೇನೆ.

ಅದು ಮುಗಿಯುವವರೆಗೆ ಸುಮ್ನೆ ಕೂರುವವನೂ ನಾನಲ್ಲ. ಡಿಸೆಂಬರ್ 3 ಕಳೆದ ಮೇಲೆ ಪ್ರತಿ ಭಾನುವಾರ ನಿಮ್ಮ ಸರ್ವೀಸ್ ಸೆಂಟರ್‌ನ ಗೇಟಿನ ಹೊರಗೆ, ರಸ್ತೆ ಬದಿಯಲ್ಲಿ ನಿಲ್ಲುತ್ತೇನೆ. ಯಾರಿಗೂ ಅಡ್ಡ ಬರುವುದಿಲ್ಲ, ಕೂಗಾಡುವುದಿಲ್ಲ. ಸರ್ವೀಸ್ ಮುಗಿಸಿಕೊಂಡು ಹೊರಗೆ ಬರುವ ಒಬ್ಬೊಬ್ಬರನ್ನೂ ನಿಲ್ಲಿಸಿ, ಹ್ಯಾಂಡಲ್ ಮೇಲಿನ ಆ ಎರಡು ಸ್ಕ್ರೂ ತೋರಿಸಿ, ‘ಮಣ್ಣು ಇದೆಯಾ ನೋಡಿಕೊಳ್ಳಿ’ ಅಂತ ಹೇಳುತ್ತೇನೆ.

ಇತಿ,
ಮೂಡಿಗೆರೆ ತಾಲ್ಲೂಕಿನಿಂದ ನಿಮ್ಮ ಗ್ರಾಹಕ