ಮೇವು ಮುಟ್ಟದ ಚಿಪ್ಪುಹಂದಿ

ಮಗೂ,

ನಿನ್ನ ಕಾಗದದ ಕೊನೆಯಲ್ಲಿ ಬರೆದಿದ್ದೀಯಲ್ಲ, ‘ಚಿಪ್ಪುಹಂದಿ ಬಂದು ಎರಡು ರಾತ್ರಿಯಾಯ್ತು, ಇರುವೆ ಇಟ್ಟರೆ ಮೂಸಿಯೂ ನೋಡುತ್ತಿಲ್ಲ, ನನ್ನ ಕೈಯಲ್ಲೇ ಸತ್ತುಹೋಗುತ್ತದೇನೋ’ ಅಂತ, ಅದನ್ನು ಓದಿದ ಮೇಲೆ ಬೇರೇನೂ ತಲೆಗೆ ಹತ್ತುತ್ತಿಲ್ಲ. ಅರಣ್ಯ ಇಲಾಖೆ, ಕಾನೂನು, ಕಾಗದಪತ್ರ ಎಲ್ಲ ನಿನಗೆ ಗೊತ್ತಿದ್ದದ್ದೇ. ಅದನ್ನು ಬಿಡೋಣ.

ನಿನ್ನ ಹೆದರಿಕೆ ಸುಳ್ಳಲ್ಲ. ಹಿಡಿದಿಟ್ಟ ಚಿಪ್ಪುಹಂದಿ ಬೇಗ ಕುಸಿಯುತ್ತದೆ. ಆದರೆ ಅದನ್ನು ಕೊಲ್ಲುವುದು ಬರೀ ಹಸಿವು ಅಂದುಕೊಳ್ಳಬೇಡ. ಮೈಯಲ್ಲಿ ನೀರು ಬತ್ತುವುದು, ಗಾಬರಿಗೆ ಜಠರದಲ್ಲಿ ಹುಣ್ಣಾಗುವುದು, ನ್ಯುಮೋನಿಯಾ, ಇವು ಜೊತೆಗೂಡಿರುತ್ತವೆ. ಹಾಗಾಗಿ ಮೊದಲು ದ್ರವ, ಆಮೇಲೆ ಮೇವು. ಸಲೈನ್ ಉಗುರು ಬೆಚ್ಚಗೆ ಮಾಡಿಕೊಂಡು ತೊಡೆಯ ಒಳಬದಿ ಅಥವಾ ಹೊಟ್ಟೆಯ ಪಕ್ಕ, ಚಿಪ್ಪಿಲ್ಲದ ಕಡೆ ಚರ್ಮದಡಿ ಕೊಡು. ಥರ್ಮಾಮೀಟರ್ 33–34 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಬೆಚ್ಚಿಬೀಳಬೇಡ, ಅದರ ಮೈಬಿಸಿಯೇ ಅಷ್ಟು. ನಾಯಿಯ 38ರ ಲೆಕ್ಕ ಹಿಡಿದು ದೀಪವಿಟ್ಟು ಕಾಯಿಸಿದರೆ ತೊಂದರೆ ಹೆಚ್ಚುತ್ತದೆ. ಹಿಕ್ಕೆ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾಗಿದ್ದರೆ ಹುಣ್ಣಿನಿಂದ ರಕ್ತ ಸೋರುತ್ತಿದೆ ಎಂದು ತಿಳಿ.

ಇನ್ನು ಮೂಸುತ್ತಿಲ್ಲ ಅನ್ನುವ ಮಾತು. ತಟ್ಟೆಯಲ್ಲಿಟ್ಟದ್ದು ಅದಕ್ಕೆ ಮೇವು ಅಂತಲೇ ಹೊಳೆಯುವುದಿಲ್ಲ, ಮಗೂ. ಅದರ ಕಣ್ಣು ಮಂದ. ಕತ್ತಲಲ್ಲಿ ವಾಸನೆ ಹಿಡಿದು, ಉಗುರಿನಿಂದ ಗೂಡು ಬಗೆದು, ನಾಲಗೆ ಚಾಚಿದರೇ ಅದಕ್ಕೆ ಊಟ. ಹಲ್ಲಿಲ್ಲ; ಜಠರದ ಒಳಗಿನ ಗಟ್ಟಿ ಮುಳ್ಳುಗಳೂ ನುಂಗಿದ ಮರಳು ಕಲ್ಲುಗಳೂ ಸೇರಿ ಇರುವೆಯನ್ನು ಅರೆಯುತ್ತವೆ. ಆದ್ದರಿಂದ ಹುತ್ತದ ತುಂಡನ್ನು ಗೆದ್ದಲು, ಮಣ್ಣು ಸಮೇತ ಇಡು. ಮರದ ಟೊಳ್ಳಿನ ದೊಡ್ಡ ಕಪ್ಪಿರುವೆಯ ಗೂಡು ಮೊಟ್ಟೆ ಸಮೇತ ಸಿಕ್ಕರೆ ಅದನ್ನೂ ಇಡು. ಇನ್ನೂ ಒಳ್ಳೆಯದೆಂದರೆ ಕತ್ತಲಾದ ಮೇಲೆ ಬೇಲಿಯೊಳಗೆ ನೆಲಕ್ಕೆ ಬಿಟ್ಟು, ಒಬ್ಬರೇ ಒಬ್ಬರು ಸದ್ದಿಲ್ಲದೆ ಹಿಂದೆ ನಡೆಯುವುದು. ಬಾಯಿಗೆ ಹಾಲು ಹಿಂಡಬೇಡ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮುದುರಿದ್ದನ್ನು ಬಲವಂತವಾಗಿ ಬಿಡಿಸಲೂ ಬೇಡ. ಸದ್ದಡಗಿದರೆ ತಾನೇ ಬಿಚ್ಚಿಕೊಳ್ಳುತ್ತದೆ.

ನಾನು ಕೆಲಸದಲ್ಲಿದ್ದ ಕಾಲಕ್ಕೆ ಇಂಥ ಪ್ರಾಣಿ ಬಂದರೆ ತೂಕ, ಲಿಂಗ, ಹಿಕ್ಕೆ ಯಾವುದನ್ನೂ ಬರೆದಿಡುವ ಪದ್ಧತಿ ಇರಲಿಲ್ಲ. ಸತ್ತರೆ ಯಾಕೆ ಸತ್ತಿತು ಅಂತ ಹೇಳಬಲ್ಲವರೂ ಇರಲಿಲ್ಲ. ಆ ಕೊರಗು ಇನ್ನೂ ಹೋಗಿಲ್ಲ. ನಿನಗೆ ಹೇಳಿಕೊಡುವಷ್ಟು ದೊಡ್ಡವನೇನಲ್ಲ ನಾನು, ಆದರೂ ಒಂದು ಮಾತು: ದಿನಾ ಒಂದೇ ಹೊತ್ತಿಗೆ, ಒಂದೇ ತಕ್ಕಡಿಯಲ್ಲಿ, ಮುದುರಿಕೊಂಡಿದ್ದ ಹಾಗೇ ತೂಗು. ಎರಡು ರಾತ್ರಿ ತಿನ್ನದಿದ್ದರೂ ತೂಕ ಅಷ್ಟಾಗಿ ಇಳಿಯದಿದ್ದರೆ ನಿನಗೆ ಇನ್ನೂ ಸಮಯವಿದೆ.

ಸಾಯುತ್ತದೇನೋ ಅನ್ನುವ ಭಯಕ್ಕೆ ಇನ್ನೂ ನಾಲ್ಕು ದಿನ ಇಟ್ಟುಕೊಳ್ಳುವ ಆಸೆ ಹುಟ್ಟುತ್ತದೆ. ನನಗೆ ಅದೇ ಚಿಂತೆ. ದೊಡ್ಡ ಪ್ರಾಣಿ, ಉರುಳಿನ ಗಾಯವಿಲ್ಲ, ಚೆನ್ನಾಗಿ ನಡೆಯುತ್ತದೆ ಅಂದರೆ, ತಿನ್ನುವುದನ್ನು ಕಾಯದೆ ಅಪ್ಪಣೆ ಪಡೆದು ಸಿಕ್ಕ ಜಾಗದ ಹತ್ತಿರವೇ ರಾತ್ರಿ ಬಿಡುವುದು ಮೇಲು. ಕುತ್ತಿಗೆ, ಕಂಕುಳು, ಕಾಲಿನ ಬುಡ ನೋಡು, ತಂತಿ ಕೊಯ್ದದ್ದು ಚಿಪ್ಪಿನ ಮರೆಯಲ್ಲಿ ಕಾಣುವುದಿಲ್ಲ. ಚಿಪ್ಪಿನ ಸಂದಿಯಲ್ಲಿ ರಕ್ತ ಹೀರುವ ಉಣ್ಣೆಹುಳು ಇದ್ದೇ ಇರುತ್ತದೆ, ಅದು ಅಂಥ ದೊಡ್ಡ ವಿಷಯವಲ್ಲ. ಹೆಣ್ಣಾದರೆ ಎದೆಯ ಎರಡು ಮೊಲೆತೊಟ್ಟು ಒತ್ತಿ ನೋಡುವುದನ್ನು ಮರೆಯಬೇಡ. ಹಾಲಿದ್ದರೆ ಎಲ್ಲೋ ಬಿಲದೊಳಗೆ ಮರಿ ಇರಬಹುದು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುವ ಜೀವ ಅದು. ಆಗ ಒಂದು ರಾತ್ರಿಯೂ ತಡಮಾಡಬೇಡ.

ಸಾಗಿಸಲು ಗಾಳಿಕಿಂಡಿ ಇರುವ ಮರದ ಪೆಟ್ಟಿಗೆಯೇ ಆಗಬೇಕು. ತಂತಿಬಲೆಯ ಪಂಜರದಲ್ಲಿ ಉಗುರು ಕಿತ್ತುಹೋಗುತ್ತದೆ. ಮುಚ್ಚಳಕ್ಕೆ ಚಿಲಕ ಹಾಕು, ತಲೆಯಿಂದ ತಳ್ಳಿ ಎಬ್ಬಿಸುವಷ್ಟು ಬಲ ಅದಕ್ಕಿದೆ.

2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಸೈಟಿಸ್ (ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ದೇಶದೇಶಗಳ ಒಪ್ಪಂದ) ಸಭೆ ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವಾಣಿಜ್ಯಕ್ಕೆ ನಿಷೇಧ ಹಾಕಿತು. ಕಳ್ಳಬೇಟೆ ಮಾತ್ರ ನಿಂತಿಲ್ಲ. ಬಿಟ್ಟ ಮೇಲೆ ಸಂತೋಷಕ್ಕೆ ಪಟ ಹಂಚಬೇಕೆನಿಸಿದರೂ ಊರಿನ ಹೆಸರು, ಕೆರೆ, ಗುಡ್ಡ ಯಾವುದೂ ಅದರಲ್ಲಿ ಕಾಣದಿರಲಿ. ಮೊಬೈಲಿನ ಪಟದೊಳಗೆ ಜಾಗದ ಗುರುತೂ ಸೇರಿರುತ್ತದೆ, ಅದನ್ನು ತೆಗೆದೇ ಕಳಿಸು.

ಇಂದಿನ ತೂಕ ಎಷ್ಟಿತ್ತು, ಬರೆ.

ನಿನ್ನ ದೊಡ್ಡಪ್ಪ