ಮೋಟ್ರು ತಗೊಳ್ಳೋ ಮುಂಚೆ ಲೈನ್ ನೋಡಿ

ಮಾನ್ಯ ಸಂಪಾದಕರೇ,

ನಾನು ತಿಪಟೂರು ಕಡೆ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಕೊಂಡಿದೀನಿ. ಬೇಸಿಗೆ ಬಂತು ಅಂದ್ರೆ ಸುಟ್ಟ ಮೋಟ್ರುಗಳು ಅಂಗಡಿ ಬಾಗ್ಲಲ್ಲಿ ಸಾಲಾಗಿ ಬಿದ್ದಿರ್ತವೆ. ಹೋದ ವಾರ ಒಬ್ಬ ರೈತರು 5 ಎಚ್‌ಪಿ ತ್ರೀ ಫೇಸ್ (ಮೂರು ಲೈನಿನ ಕರೆಂಟಲ್ಲಿ ಓಡೋ) ಮೋಟ್ರು ತಂದ್ರು, ಬಿಚ್ಚಿ ನೋಡಿದ್ರೆ ಎರಡು ಫೇಸಿನ ಕಾಯಿಲ್ ಇದ್ದಿಲಿನ ಥರ ಕರ್ರಗಾಗಿದೆ, ಮೂರನೇದು ಮಾತ್ರ ಮೊನ್ನೆ ಸುತ್ತಿದಂಗೆ ತಾಮ್ರದ ಬಣ್ಣದಲ್ಲೇ ಇದೆ. ಮೂರೂ ಕಾಯಿಲಿನ ಒಂದೊಂದು ತುದಿ ಒಂದೇ ಕಡೆ ಸೇರಿಸಿರೋ ಸ್ಟಾರ್ ಕನೆಕ್ಷನ್ ಮೋಟ್ರಲ್ಲಿ ಒಂದು ಫೇಸ್ ಹೋದ್ಮೇಲೂ ಓಡ್ತಾನೇ ಇದ್ರೆ ಹಿಂಗೇ ಆಗೋದು, ಉಳಿದ ಎರಡರ ಮೇಲೆ ಪೂರ್ತಿ ಹೊರೆ ಬೀಳುತ್ತೆ. ಒಂದು ಫೇಸ್ ಹೋದ್ರೆ ಮೋಟ್ರು ನಿಲ್ಲಿಸೋ ಪ್ರಿವೆಂಟರ್ ಇರ್ಲಿಲ್ವಾ ಅಂತ ಕೇಳ್ದೆ. ಇತ್ತು ಕಣಪ್ಪ, ಸಿಂಗಲ್ ಫೇಸ್ ಕರೆಂಟ್ ಮಾತ್ರ ಇರೋ ಟೈಮಲ್ಲಿ ಇಲ್ಲದ ಫೇಸಿನ ಬದ್ಲು ಕಂಡೆನ್ಸರ್ (ಕೆಪಾಸಿಟರ್) ಹಾಕಿ ಓಡಿಸೋಕೆ ಅಡ್ಡ ಬರುತ್ತೆ ಅಂತ ತೆಗ್ಸಿಬಿಟ್ಟೆ ಅಂದ್ರು. ಅವರನ್ನ ಬೈಯೋಕೆ ಮನಸ್ಸು ಬರ್ಲಿಲ್ಲ, ಕಣ್ಮುಂದೆ ತೋಟ ಒಣಗ್ತಾ ಇದ್ರೆ ಯಾರಾದ್ರೂ ಅದನ್ನೇ ಮಾಡ್ತಾರೆ.

ಸಿಂಗಲ್ ಫೇಸ್ ತಗೊಳ್ಳೋದಾ ತ್ರೀ ಫೇಸಾ ಅಂತ ದಿನಾ ಕೇಳ್ತಾರೆ. ಮೋಟ್ರು ಅಂತ ನೋಡಿದ್ರೆ ತ್ರೀ ಫೇಸೇ ಗಟ್ಟಿ, ಅದಕ್ಕೆ ಕಂಡೆನ್ಸರ್ ಬೇಡ, ತಾನೇ ಸ್ಟಾರ್ಟ್ ಆಗುತ್ತೆ, 3 ಎಚ್‌ಪಿಗೆ ಹೆಚ್ಚುಕಮ್ಮಿ 5 ಆಂಪಿಯರ್ ಎಳೆಯುತ್ತೆ. ಅದೇ 3 ಎಚ್‌ಪಿ ಸಿಂಗಲ್ ಫೇಸ್ ಆದ್ರೆ 15 ಆಂಪಿಯರ್ ಮೇಲೇ ಹೋಗುತ್ತೆ, ಉದ್ದ ಕೇಬಲ್ಲಲ್ಲಿ ವೋಲ್ಟೇಜ್ ಬಿದ್ದು ಮೋಟ್ರು ಬರೀ ಗುಂಯ್ ಅಂತ ಕೂಗ್ತಾ ತಿರುಗದೇ ನಿಂತ್ಕೊಳ್ಳುತ್ತೆ. ಹಂಗಾಗಿ ಆಳದ ಬೋರಿಗೆ, ಹಿಟ್ಟಿನ ಮಿಲ್ಲಿಗೆ ತ್ರೀ ಫೇಸ್ ಬಿಟ್ಟು ಬೇರೆ ಯೋಚ್ನೆ ಮಾಡ್ಬೇಡಿ. ಮನೆ ಸಂಪು, ಸಣ್ಣ ಬಾವಿ ಇಂಥದ್ದಕ್ಕೆ 1 ಎಚ್‌ಪಿ ಸಿಂಗಲ್ ಫೇಸ್ ಸಾಕು, ಜಾಸ್ತಿ ಖರ್ಚು ಯಾಕೆ.

ಆದ್ರೆ ನಮ್ಮ ಹಳ್ಳಿಗಳಲ್ಲಿ ಮೋಟ್ರಿಗಿಂತ ಮೊದ್ಲು ಕರೆಂಟ್ ಯಾವಾಗ ಬರುತ್ತೆ ಅಂತ ನೋಡ್ಬೇಕು. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಅಂತಾರೆ, ಮಿಕ್ಕ ಟೈಮಲ್ಲಿ ಬಂದ್ರೆ ಸಿಂಗಲ್ ಫೇಸ್. ಅದಕ್ಕೆ ನಾನು ಹೇಳೋದು ಏನಂದ್ರೆ ಬೋರಿನ ನೀರನ್ನ ತ್ರೀ ಫೇಸ್ ಇದ್ದಾಗ ತೊಟ್ಟಿಗೋ ಕೃಷಿ ಹೊಂಡಕ್ಕೋ ಬಿಟ್ಕೊಳ್ಳಿ, ಆಮೇಲೆ ಅಲ್ಲಿಂದ ಗಿಡಕ್ಕೆ ಹಾಯ್ಸೋಕೆ ಒಂದು ಸಣ್ಣ ಸಿಂಗಲ್ ಫೇಸ್ ಮೋಟ್ರು ಇಟ್ಕೊಳ್ಳಿ. ಹೊಂಡಕ್ಕೆ ದುಡ್ಡು ಬೇಕು ನಿಜ, ಆದ್ರೆ ಒಂದೇ ಬೇಸಿಗೇಲಿ ಎರಡು ಸಲ ವೈಂಡಿಂಗ್ ಮಾಡ್ಸಿದೋರಿದಾರೆ, ಬೋರಿಂದ ಪೈಪ್ ಎತ್ತಿ ಇಳ್ಸೋ ಕೂಲಿ ಬೇರೆ. ಕಂಡೆನ್ಸರ್ ಹಾಕಿ ಎಲ್ರೂ ಒಟ್ಟಿಗೆ ಓಡ್ಸಿದ್ರೆ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಮೇಲೂ ಲೋಡ್ ಬಿದ್ದು ಊರಿನ ಮನೆಗಳ ಬಲ್ಬೆಲ್ಲ ಕೆಂಪಗೆ ಉರಿಯೋದನ್ನ ನೋಡಿದೀನಿ.

ವಿದ್ಯುತ್ ಇಲಾಖೆಯೋರಿಗೆ ಒಂದು ವಿನಂತಿ. ಒಂದ್ ದಿನ ಬೆಳಿಗ್ಗೆ, ಇನ್ನೊಂದ್ ದಿನ ನಡುರಾತ್ರಿ ತ್ರೀ ಫೇಸ್ ಬಿಟ್ರೆ ರೈತ ಕರೆಂಟ್ ಬಂದ ತಕ್ಷಣ ತಾನೇ ಮೋಟ್ರು ಆನ್ ಮಾಡೋ ಆಟೋ ಸ್ಟಾರ್ಟರ್ ನಂಬ್ಕೊಂಡು ಮಲಗ್ತಾನೆ, ಫೇಸ್ ಹೋಗಿದ್ದು ಬೆಳಿಗ್ಗೆ ಗೊತ್ತಾಗುತ್ತೆ. ಆಗೋ ಮಟ್ಟಿಗೆ ಹಗಲೇ ಕೊಡಿ, ಟೈಮ್ ಬದಲಾದ್ರೆ ಒಂದು ವಾರ ಮುಂಚೆ ಪಂಚಾಯ್ತಿ ಬೋರ್ಡಲ್ಲಿ ಹಾಕ್ಸಿ.

ಇಂತಿ,
ಒಬ್ಬ ಮೋಟಾರ್ ವೈಂಡಿಂಗ್ ಕೆಲಸಗಾರ
ತುಮಕೂರು ಜಿಲ್ಲೆ